ಲೋಲಕನ ಹನ್ನೊಂದು ನಿಮಿಷ

ಕುರುಬರಹಳ್ಳಿ, ನಿಮ್ಮ ಮನೆ ಟೆರೇಸ್ ರೂಮು
ಅಕ್ಟೋಬರ್ 12, ಭಾನುವಾರ ಮಧ್ಯಾಹ್ನ

ಸುಘೋಷ,

ಹೊಟ್ಟೆಕಿಚ್ಚು ಅಲ್ಲ. ಮೊದಲು ಆ ಮಾತನ್ನು ನಿನ್ನ ತಲೆಯಿಂದ ತೆಗೆ. ನಿನ್ನೆ ಸಂಜೆ ಛತ್ರದ ಗೇಟಿನ ಹತ್ತಿರ, ಕಂಪನಿಯವರು ಹಾಕಿದ ಟ್ಯಾಗನ್ನು ಕತ್ತಿನಲ್ಲಿ ನೇತಾಡಿಸಿಕೊಂಡು ನೀನು ಅದನ್ನು ಹೇಳಿದಾಗ ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದರೆ ನನಗೆ ಮಾತು ಹೊರಡುವುದಿಲ್ಲ, ಕೈ ಹೊರಡುತ್ತದೆ. ಪಕ್ಕದಲ್ಲಿ ಅಮ್ಮ ಇದ್ದಳು. ಎರಡೂ ಕೈ ಜೇಬಿಗೆ ಹಾಕಿಕೊಂಡು ಬಂದುಬಿಟ್ಟೆ.

ಇವತ್ತು ಬಾಯಲ್ಲೇ ಹೇಳೋಣ ಅಂತ ಬಂದೆ. ಲತಾ ಆಂಟಿ ಬಾಗಿಲು ತೆಗೆದರು. ಸ್ಪರ್ಧೆ ಗೆದ್ದಿದ್ದಕ್ಕೆ ಗ್ರೂಪಿನವರಿಗೆಲ್ಲ ಊಟ ಹಾಕಿಸಲು ವಿಜಯನಗರಕ್ಕೆ ಹೋಗಿದ್ದೀಯಂತೆ. ಅವನು ನಿನ್ನನ್ನು ಕರೆದಿಲ್ಲವಾ ಅಂತ ಆಂಟಿ ನನ್ನನ್ನು ಕೇಳಿದರು. ಕೆಲಸ ಇತ್ತು ಅಂದೆ. ಮೇಲೆ ಕೂತಿರಪ್ಪ, ಬಂದುಬಿಡುತ್ತಾನೆ ಅಂತ ಕಾಫಿ ಕೊಟ್ಟು ಕಳಿಸಿದರು. ನಿಮ್ಮಮ್ಮನಿಗೆ ಏನೂ ಗೊತ್ತಿಲ್ಲ. ನಾನೂ ಹೇಳಲಿಲ್ಲ. ನಿನ್ನ ಕಾಲೇಜಿನ ರೆಕಾರ್ಡ್ ಪುಸ್ತಕದಿಂದ ಹಾಳೆ ಹರಿದುಕೊಂಡು ಬರೆಯುತ್ತಿದ್ದೇನೆ. ನನ್ನ ಅಕ್ಷರ ನಿನಗೆ ಗೊತ್ತು, ಕಷ್ಟಪಟ್ಟು ಓದು.

ಹೊಟ್ಟೆಕಿಚ್ಚು ಪಡುವವನಾಗಿದ್ದರೆ ನೀನು ಎಸ್ಸೆಸ್ಸೆಲ್ಸಿ ಪಾಸಾದಾಗ ಪಡಬೇಕಿತ್ತು. ಇಂಜಿನಿಯರಿಂಗ್ ಸೀಟು ಸಿಕ್ಕಾಗ ಪಡಬೇಕಿತ್ತು. ನಿಮ್ಮಪ್ಪ ಬೈಕು ಕೊಡಿಸಿದಾಗ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟವನು ಯಾರು? ನಾನು. ಮೊದಲ ರೌಂಡು ಹಿಂದೆ ಕೂತು ನಂದಿನಿ ಲೇಔಟ್‌ವರೆಗೂ ಕೂಗಿಕೊಂಡು ಹೋದವನೂ ನಾನೇ.

ನೀನು ನನ್ನ ಥಿಯರಿ ಕದ್ದೆ ಅಂತಲೂ ನಾನು ಹೇಳುವುದಿಲ್ಲ. ಕದ್ದಿಲ್ಲ. ನಾನೇ ಕೊಟ್ಟೆ. ಇದನ್ನು ನಿನ್ನೆ ಯಾರಿಗೂ ಹೇಳಲಿಲ್ಲ, ನಿನಗೆ ಹೇಳುತ್ತಿದ್ದೇನೆ.

ನೆನಪು ಮಾಡಿಕೋ. ನಾವು ನೋಡುತ್ತಿದ್ದ ಲೋಲಕನ ಸೀರೀಸಿನ ಎರಡನೇ ಸೀಸನ್ ಮುಗಿದಿತ್ತು. ಗಡಿಯಾರ ರಿಪೇರಿ ಮಾಡುತ್ತಿದ್ದ ಲೋಲಕ ಹನ್ನೆರಡು ವರ್ಷ ಹಿಂದಕ್ಕೆ ತೂಗಿಕೊಂಡು ಹೋಗಿ, ಸೇತುವೆ ಕುಸಿಯುವ ಮೊದಲು ತಮ್ಮನನ್ನು ಎಳೆದುಕೊಂಡ. ವಾಪಸ್ಸು ಬಂದರೆ ತಮ್ಮ ಇದ್ದಾನೆ, ಅಂಗಡಿ ಇಲ್ಲ. ಹೆಂಡತಿ ಬಾಗಿಲು ತೆಗೆದು ಯಾರು ಬೇಕಾಗಿತ್ತು ಅಂತ ಕೇಳುತ್ತಾಳೆ. ಅಲ್ಲಿಗೆ ಸೀಸನ್ ಮುಗಿಯಿತು. ನಮ್ಮ ಗ್ರೂಪಿನ ನಾನೂರು ಜನ ಆ ರಾತ್ರಿಯಿಂದ ಎರಡು ಪಾರ್ಟಿ ಆದರು. ಹಳೇ ಟೈಮ್‌ಲೈನ್ ಅಳಿಸಿಹೋಯಿತು ಅನ್ನುವವರು ಒಂದು ಕಡೆ. ಇಲ್ಲ, ಅದು ಬೇರೆಲ್ಲೋ ನಡೆಯುತ್ತಿದೆ, ಲೋಲಕ ತಪ್ಪು ಟೈಮ್‌ಲೈನಿಗೆ ಇಳಿದಿದ್ದಾನೆ ಅನ್ನುವವರು ಇನ್ನೊಂದು ಕಡೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ರವಿಕುಮಾರ್ ಸಾರ್ ಅಳಿಸಿದವರ ಲೀಡರ್ರು. ಊಟದ ಹೊತ್ತಿನಲ್ಲಿ ಎರಡೆರಡು ಪುಟ ಟೈಪ್ ಮಾಡುತ್ತಿದ್ದರು. ಒಂದು ವಿಷಯದಲ್ಲಿ ಮಾತ್ರ ಎರಡು ಪಾರ್ಟಿಯೂ ಒಂದೇ: ಎಲ್ಲ ಸರಿಹೋಗಬೇಕಾದರೆ ತಮ್ಮ ಮತ್ತೆ ಸಾಯಬೇಕು.

ನನಗೆ ಅದು ಒಪ್ಪಿಗೆ ಆಗಲಿಲ್ಲ. ಕೆಲಸದ ಹೊತ್ತಿನಲ್ಲಿ ಮಗ್ಗದ ಮುಂದೆ ನಿಂತಿದ್ದಾಗ ಹೊಳೆಯಿತು, ತಮ್ಮ ಸಾಯಬೇಕಾಗಿಲ್ಲ ಅಂತ. ಅಲ್ಲೇ ನಿಂತು ಗ್ರೂಪಿಗೆ ವಾಯ್ಸ್ ಮೆಸೇಜು ಹಾಕಿದೆ. ಟೈಪ್ ಮಾಡುವುದು ನನಗೆ ನಿಧಾನ. ಹಿಂದೆ ಮಗ್ಗದ ಶಬ್ದ. ಒಬ್ಬ, ರೈಲ್ವೆ ಸ್ಟೇಷನ್ನಿಂದ ಮಾತಾಡ್ತಾ ಇದೀಯಾ ಗುರು ಅಂದ. ರವಿಕುಮಾರ್ ಸಾರ್, ತಮ್ಮಾ ಇದು ಕ್ವಾಂಟಮ್, ಪಂಚೆ ನೇಯೋ ವಿಷಯ ಅಲ್ಲ ಅಂತ ಬರೆದರು. ಅದರ ಕೆಳಗೆ ಮೂವತ್ತೆಂಟು ನಗುವ ಮುಖ. ಮೆಸೇಜು ಅಳಿಸಿದೆ.

ಅವತ್ತೇ ಸಂಜೆ ಇದೇ ರೂಮಿನಲ್ಲಿ ನಿನಗೆ ಹೇಳಿದೆ. ನೀನು ನಗಲಿಲ್ಲ. ಹಾಸಿಗೆ ಮೇಲೆ ಮಲಗಿದ್ದವನು ಎದ್ದು ಕೂತೆ. ಇನ್ನೊಂದು ಸಲ ಹೇಳು ಅಂದೆ. ಆ ಹೊತ್ತಿನ ನಿನ್ನ ಮುಖ ನನಗೆ ಇನ್ನೂ ಇಷ್ಟ. ಅದಕ್ಕೇ ಇಷ್ಟು ಉರಿಯುತ್ತಿರುವುದು.

ನಿನ್ನೆ ಸ್ಟೇಜಿನ ಮೇಲೆ ನೀನು ಅದನ್ನು ಅರ್ಧಂಬರ್ಧ ಹೇಳಿದೆ. ಇನ್ನೊಂದು ಸಲ ಹೇಳುತ್ತೇನೆ, ಈ ಸಲವಾದರೂ ಅರ್ಥ ಮಾಡಿಕೋ. ಮಗ್ಗದಲ್ಲಿ ಸೀರೆಯ ಡಿಸೈನು ಇರುವುದು ತೂತು ಹೊಡೆದ ರಟ್ಟಿನ ಕಾರ್ಡುಗಳಲ್ಲಿ. ಲಾಳಿ ಒಂದು ಸಲ ಹೋದರೆ ಕಾರ್ಡು ಒಂದು ತಿರುಗುತ್ತದೆ. ತಪ್ಪಾಯಿತು ಅಂದರೆ ಮಗ್ಗ ನಿಲ್ಲಿಸಿ, ತಪ್ಪಾದಲ್ಲಿಯವರೆಗೂ ಹೊಕ್ಕಿನ ಅಡ್ಡ ದಾರ ಬಿಚ್ಚುತ್ತೇವೆ. ಹನ್ನೊಂದು ಎಳೆ ಬಿಚ್ಚಿದರೆ ಕಾರ್ಡನ್ನೂ ಹನ್ನೊಂದು ಹಿಂದಕ್ಕೆ ತಿರುಗಿಸಬೇಕು. ಮರೆತರೆ ಸೀರೆ ಹರಿಯುವುದಿಲ್ಲ, ಎರಡು ಸೀರೆಯೂ ಆಗುವುದಿಲ್ಲ. ಉದ್ದ ಎಳೆಗಳ ಅದೇ ಹಾಸು, ಅದೇ ಸೀರೆ. ಆದರೆ ಅಲ್ಲಿಂದ ಮುಂದೆ ಡಿಸೈನು ಹನ್ನೊಂದು ಎಳೆ ಮುಂದೆ ಓಡುತ್ತದೆ. ನವಿಲಿನ ಕತ್ತು ಮುಗಿಯುವ ಮೊದಲೇ ಕೊಕ್ಕು ಬಂದುಬಿಡುತ್ತದೆ.

ಲೋಲಕ ಸೇತುವೆಯ ಹತ್ತಿರ ನಿಂತಿದ್ದು ಹನ್ನೊಂದು ನಿಮಿಷ. ಅಷ್ಟು ಬಿಚ್ಚಿದ. ಕಾರ್ಡು ತಿರುಗಿಸಲಿಲ್ಲ. ಅಳಿಸಿದ್ದೂ ಇಲ್ಲ, ಬೇರೆ ಟೈಮ್‌ಲೈನೂ ಇಲ್ಲ. ಮೂರನೇ ಸೀಸನ್ ಶುರುವಾದ ಮೇಲೆ ವಾಚು ಹಿಡಿದು ಕೂತು ನೋಡಿದೆ. ಬೀದಿ ದೀಪ ಕತ್ತಲಾಗುವ ಹನ್ನೊಂದು ನಿಮಿಷ ಮುಂಚೆ ಹತ್ತುತ್ತದೆ. ರೈಲು ಹನ್ನೊಂದು ನಿಮಿಷ ಮುಂಚೆ ಬರುತ್ತದೆ. ಹೆಂಡತಿ ಅವನನ್ನು ನೋಡಿ ಬಾಗಿಲು ಹಾಕಿ, ಹನ್ನೊಂದು ನಿಮಿಷಕ್ಕೆ ಸರಿಯಾಗಿ ಯಾಕೆ ಅಂತ ಗೊತ್ತಿಲ್ಲದೆ ಅಳುತ್ತಾಳೆ. ರವಿಕುಮಾರ್ ಸಾರ್ ಇದನ್ನೆಲ್ಲ ಡೈರೆಕ್ಟರನ ಮಿಸ್ಟೇಕ್ ಅಂತ ಪಟ್ಟಿ ಮಾಡುತ್ತಿದ್ದರು. ನಾನು ಎಲ್ಲವನ್ನೂ ಮಗ್ಗದ ಡಿಸೈನ್ ಶೀಟಿನ ಮೇಲೆ ಚೌಕ ಚೌಕವಾಗಿ ತುಂಬಿ ನಿನಗೆ ಕೊಟ್ಟೆ. ಕೊನೆಯಲ್ಲಿ ಅವನು ಹನ್ನೊಂದು ನಿಮಿಷವನ್ನು ಮಾತ್ರ ಹಿಂದಕ್ಕೆ ತಿರುಗಿಸುತ್ತಾನೆ, ತಮ್ಮ ಉಳಿಯುತ್ತಾನೆ ಅಂತ ಕೆಳಗೆ ಬರೆದೆ.

ಗ್ರೂಪಿಗೆ ನಿನ್ನ ಹೆಸರಿನಲ್ಲೇ ಹಾಕು ಅಂದವನು ನಾನು. ನನ್ನ ಹೆಸರು ನೋಡಿದರೆ ಓದುವ ಮೊದಲೇ ನಗುತ್ತಾರೆ, ನಿನ್ನದಾದರೆ ಓದುತ್ತಾರೆ ಅಂದೆ. ಆಗ ನೀನು ಒಂದು ಮಾತು ಕೊಟ್ಟೆ. ಯಾರೂ ಕೇಳಿರಲಿಲ್ಲ, ನೀನೇ ಕೊಟ್ಟೆ.

"ಫೈನಲ್ ಬರ್ಲಿ ಮಗಾ. ನಿಜ ಆದ ದಿನ ನಿನ್ ಹೆಸ್ರು ನಾನೇ ಹೇಳ್ತೀನಿ. ಎಲ್ಲಾರ್ ಮುಂದೆ."

ಅಷ್ಟೇ ನಮ್ಮ ಒಪ್ಪಂದ. ಥಿಯರಿ ನಿಜವಾಯಿತು. ಹೋದ ತಿಂಗಳು ಫೈನಲ್ ಇಲ್ಲೇ ನೋಡಿದೆವು, ಈ ಹಾಸಿಗೆ ಮೇಲೆ. ಲೋಲಕ ಊರಿನ ದೊಡ್ಡ ಗಡಿಯಾರವನ್ನು ಹನ್ನೊಂದು ನಿಮಿಷ ಹಿಂದಕ್ಕೆ ತಿರುಗಿಸಿದ. ಹೆಂಡತಿ ಬಾಗಿಲು ತೆಗೆದು ಅವನ ಹೆಸರು ಹಿಡಿದು ಕರೆದಳು. ತಮ್ಮ ಪಕ್ಕದಲ್ಲೇ ಬದುಕಿದ್ದ. ನಾವಿಬ್ಬರೂ ಕಿರುಚಿದ್ದು ಕೇಳಿ ಲತಾ ಆಂಟಿ ಯಾರಿಗಾದರೂ ಶಾಕ್ ಹೊಡೆಯಿತೇನೋ ಅಂತ ಮೇಲಕ್ಕೆ ಓಡಿಬಂದರು.

ಮಾರನೇ ದಿನ ಗ್ರೂಪಿನಲ್ಲಿ ಎಲ್ಲರೂ ನಿನಗೆ ಕೈ ಮುಗಿದರು. ರವಿಕುಮಾರ್ ಸಾರ್ ಕೂಡ. ನಾನು ಫೋನು ಹಿಡಿದುಕೊಂಡು ಕಾದೆ. ನೀನು ಥ್ಯಾಂಕ್ಸ್ ಅಂತ ಹಾಕಿದೆ. ಮತ್ತೆ ಥ್ಯಾಂಕ್ಸ್. ಇನ್ನೊಂದು ಥ್ಯಾಂಕ್ಸ್. ಒಂದು ವಾರ ಬಿಟ್ಟು ನಾಚಿಕೆ ಬಿಟ್ಟು ನಾನೇ ಕೇಳಿದೆ. ಸೀರೀಸ್ ತೆಗೆಯುವ ಕಂಪನಿಯವರು ಥಿಯರಿ ಸ್ಪರ್ಧೆ ಇಟ್ಟಿದ್ದಾರೆ, ಗೆದ್ದವರು ಮುಂದಿನ ಸೀಸನ್ನಿಗೆ ಕಥೆ ಬರೆಯುವವರ ಜೊತೆ ಮೂರು ತಿಂಗಳು ಕೂತು ಕೆಲಸ ಕಲಿಯಬಹುದು, ಅಲ್ಲಿ ಸ್ಟೇಜಿನ ಮೇಲೆ ಹೇಳುತ್ತೇನೆ ಅಂದೆ ನೀನು. ನಾನೂ ಅರ್ಜಿ ಹಾಕಬಹುದಾ ಅಂತ ಕೇಳಿದೆ. ಡಿಗ್ರಿ ಓದುತ್ತಿರುವವರಿಗೆ ಮಾತ್ರ ಅಂದೆ ನೀನು. ನಾನು ನಂಬಿದೆ. ಯಾವ ಅರ್ಜಿ ಆದರೂ ಹಾಗೇ ಇರುತ್ತದೆ ಅಂದುಕೊಂಡೆ.

ನಾನು ಸ್ಕೂಲು ಬಿಟ್ಟಿದ್ದು ಹೇಗೆ ಅಂತ ನಿನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಒಂಬತ್ತನೇ ಕ್ಲಾಸು, ಕೊರೋನಾ, ಪಾಠ ಎಲ್ಲ ಫೋನಿನಲ್ಲಿ. ನಮ್ಮ ಮನೆಯಲ್ಲಿದ್ದ ಒಂದೇ ಫೋನು ಅಪ್ಪನ ಜೊತೆ ಹೋಗುತ್ತಿತ್ತು. ನೀನು ಈ ರೂಮಿಗೆ ಕರೆದು ನಿನ್ನ ಫೋನಿನಲ್ಲೇ ನನಗೂ ಪಾಠ ತೋರಿಸಿದೆ. ಅದನ್ನು ನಾನು ಮರೆತಿಲ್ಲ. ಆಮೇಲೆ ಮಗ್ಗದ ಕೂಲಿಯವರೆಲ್ಲ ಊರಿಗೆ ಹೊರಟುಹೋದರು, ಕೈ ಬೇಕಿತ್ತು, ನಾನು ಹೆಗ್ಗನಹಳ್ಳಿಯ ಮಗ್ಗದ ಶೆಡ್ಡಿಗೆ ಹೋಗಿ ನಿಂತೆ. ಸ್ಕೂಲು ತೆಗೆದಾಗ ವಾಪಸ್ಸು ಹೋಗಲಿಲ್ಲ. ದಡ್ಡ ಅಂತ ಬಿಟ್ಟಿದ್ದಲ್ಲ. ಗಣಿತದಲ್ಲಿ ನೀನು ನನ್ನ ಪುಸ್ತಕ ನೋಡಿ ಬರೆಯುತ್ತಿದ್ದೆ.

ಈಗ ನಿನ್ನೆಯ ವಿಷಯ.

ಅರ್ಧ ದಿನ ರಜೆ ಹಾಕಿದೆ. ಅಮ್ಮ ಗಾರ್ಮೆಂಟ್ಸಿನಿಂದ ಬಂದವಳು ಸೀರೆ ಬದಲಾಯಿಸಿ ನಾನೂ ಬರುತ್ತೇನೆ ಅಂದಳು. ಸ್ಟೇಜಿನ ಮೇಲೆ ನನ್ನ ಹೆಸರು ಹೇಳುತ್ತಾರೆ ಅಂತ ನಾನು ಅವಳಿಗೆ ಹೇಳಿಬಿಟ್ಟಿದ್ದೆ. ಲೋಲಕ ಯಾರು, ಟೈಮ್‌ಲೈನ್ ಏನು, ಅವಳಿಗೆ ಒಂದೂ ಗೊತ್ತಿಲ್ಲ. ಮಗನ ಹೆಸರು ಮೈಕಿನಲ್ಲಿ ಬರುತ್ತದೆ ಅಂತ ಗೊತ್ತು. ರಾಜಾಜಿನಗರದ ಛತ್ರದಲ್ಲಿ ಕಡೇ ಸಾಲಿನಲ್ಲಿ ಕೂತೆವು. ಪರದೆ ಮೇಲೆ ನನ್ನ ಶೀಟು ಬಂತು. ನೀನು ಕಂಪ್ಯೂಟರಿನಲ್ಲಿ ಬಣ್ಣ ತುಂಬಿ ನೀಟಾಗಿ ಮಾಡಿದ್ದೆ. ಆದರೆ ಚೌಕಗಳ ನಂಬರು ಒಂದು, ಎರಡು, ಮೂರು ನಾನು ಬರೆದ ಹಾಗೇ ಬಲಗಡೆಯಿಂದ ಇತ್ತು. ಯಾಕೆ ಹಾಗೆ ಅಂತ ನೀನು ನನ್ನನ್ನು ಒಂದು ದಿನವೂ ಕೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಇಳಿಸಿಕೊಂಡಿದ್ದೆ.

ಗ್ರೂಪಿನ ರಂಜಿನಿ ಕೇಳಿದಳು. ಕನ್ನಡಕ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಳಲ್ಲ, ಅವಳು. ಎಲ್ಲರೂ ಕಾಲವನ್ನು ಎಡದಿಂದ ಬಲಕ್ಕೆ ಬರೀತಾರೆ, ನೀವು ಯಾಕೆ ಬಲದಿಂದ ಅಂತ. ಲೋಲಕ ಹಿಂದಕ್ಕೆ ಹೋಗುತ್ತಾನಲ್ಲ, ಅದಕ್ಕೆ ಉಲ್ಟಾ ಅಂತ ನೀನು ಬಿಟ್ಟೆ. ಅವಳು ಬಿಡಲಿಲ್ಲ. ಅವನು ವಾಪಸ್ಸು ಬಂದ ಮೇಲೂ ಬಲದಿಂದಲೇ ಇದೆಯಲ್ಲ ಅಂದಳು. ನೀನು ಪರದೆ ಕಡೆ ತಿರುಗಿ ನಿಂತೆ. ನಿನ್ನ ಬೆನ್ನು ನೋಡಿದರೆ ಗೊತ್ತಾಗುತ್ತಿತ್ತು. ಗಣಿತದ ಕ್ಲಾಸಿನಲ್ಲಿ ಬೋರ್ಡಿನ ಹತ್ತಿರ ಕರೆದಾಗ ನೀನು ಹಾಗೇ ನಿಲ್ಲುತ್ತಿದ್ದೆ.

ನಾನು ಎದ್ದು ನಿಂತಿದ್ದು ನಿನ್ನ ಮರ್ಯಾದೆ ತೆಗೆಯಲು ಅಂತ ನೀನು ಗೇಟಿನ ಹತ್ತಿರ ಹೇಳಿದೆ. ಸುಳ್ಳು. ಪ್ರಶ್ನೆ ಕೇಳಿದರು, ಉತ್ತರ ನನಗೆ ಗೊತ್ತಿತ್ತು, ಎದ್ದು ನಿಂತೆ. ಸ್ಕೂಲು ಬಿಟ್ಟ ಐದು ವರ್ಷದಲ್ಲಿ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ.

ಅದು ತಪ್ಪು ಮೇಡಂ, ಅಭ್ಯಾಸದಿಂದ ಆದ ತಪ್ಪು ಅಂದೆ. ಮಗ್ಗದ ಮೇಲೆ ಸೀರೆ ಬೆನ್ನು ಮೇಲಾಗಿ ಬರುತ್ತದೆ, ಮುಖ ಕೆಳಗಿರುತ್ತದೆ. ನೋಡಬೇಕಾದರೆ ಕೆಳಗೆ ಕನ್ನಡಿ ಹಿಡಿಯಬೇಕು. ನಮಗೆ ಕಾಣುವುದೆಲ್ಲ ಎಡ ಬಲ ಅದಲು ಬದಲು, ಅದಕ್ಕೆ ನಾವು ಶೀಟನ್ನು ಬಲದಿಂದ ಎಣಿಸುತ್ತೇವೆ ಅಂದೆ. ಇಷ್ಟೇ ಹೇಳಿದ್ದು. ಈ ಶೀಟು ನನ್ನದು ಅಂತ ಹೇಳಲಿಲ್ಲ. ಅದನ್ನು ನೀನು ಹೇಳುತ್ತೀಯ ಅಂತ ನಿಂತೇ ಇದ್ದೆ. ಮೈಕು ಹಿಡಿದಿದ್ದ ಕಂಪನಿಯವನು ಇವರು ನಿಮಗೆ ಗೊತ್ತಾ ಅಂತ ನಿನ್ನನ್ನೇ ಕೇಳಿದ. ಅದಕ್ಕಿಂತ ಒಳ್ಳೇ ಅವಕಾಶ ಬೇಕಿತ್ತಾ?

"ನಮ್ ಏರಿಯಾ ಹುಡ್ಗ ಸಾರ್. ಪಾಪ, ಸ್ಕೂಲ್ ಬಿಟ್ಟೋನು. ನಾನ್ ಹೇಳಿದ್ನೆಲ್ಲ ಕೇಳ್ಕೊಂಡು ಹಿಂಗೇ ಏನೋ ಹೇಳ್ತಿರ್ತಾನೆ."

ಯಾರೂ ನಗಲಿಲ್ಲ, ಗೊತ್ತಾ? ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ. ಚಪ್ಪಾಳೆ ತಟ್ಟಿದರು. ಸ್ಕೂಲು ಬಿಟ್ಟವನಾದರೂ ಪರವಾಗಿಲ್ಲ, ಕಲಿಯಲು ಬಂದಿದ್ದಾನೆ ಅನ್ನುವ ಹಾಗೆ. ರವಿಕುಮಾರ್ ಸಾರ್ ಹಿಂದೆ ತಿರುಗಿ ನನಗೆ ಹೆಬ್ಬೆರಳು ತೋರಿಸಿದರು. ನೀನು ನಮ್ಮ ಸಾಲಿನ ಕಡೆ ನೋಡಿದೆ. ಅಮ್ಮನನ್ನು ನೋಡಿದೆ. ನಿನಗೆ ಟೈಫಾಯ್ಡ್ ಆದಾಗ ಗಂಜಿ ತಂದುಕೊಡುತ್ತಿದ್ದ ಹೆಂಗಸು ಅವಳು. ನೋಡಿದ ಮೇಲೆ ಮುಂದಿನ ಸ್ಲೈಡು ಹಾಕಿದೆ.

ಕಾರ್ಯಕ್ರಮ ಮುಗಿದ ಮೇಲೆ ನೀರಿನ ಕ್ಯಾನಿನ ಹತ್ತಿರ ರಂಜಿನಿ ಬಂದಳು. ನೀವೂ ಯಾಕೆ ಅರ್ಜಿ ಹಾಕಲಿಲ್ಲ ಅಂತ ಕೇಳಿದಳು. ಡಿಗ್ರಿ ಇಲ್ಲ ಅಂದೆ. ಅವಳು ಫೋನು ತೆಗೆದು ಅರ್ಜಿ ತೋರಿಸಿದಳು. ಹೆಸರು, ವಯಸ್ಸು, ಫೋನ್ ನಂಬರು, ಎರಡು ಪುಟದಲ್ಲಿ ಥಿಯರಿ. ಮುಗಿಯಿತು. ಓದಿನ ಕಾಲಮ್ಮೇ ಇಲ್ಲ. ಕಡೇ ದಿನಾಂಕ ಹೋಗಿ ಹತ್ತು ದಿನ ಆಗಿತ್ತು.

ಹೆಸರು ಹೇಳದೇ ಇದ್ದದ್ದು ಒಂದು. ಅದನ್ನು ಹೆದರಿಕೆ ಅಂತ ಇಟ್ಟುಕೊಳ್ಳೋಣ, ಸ್ಟೇಜು, ಮೈಕು, ಬಾಯಿ ತಡವರಿಸಿತು ಅಂತ. ಆದರೆ ಈ ಅರ್ಜಿ ವಿಷಯ? ಅದನ್ನು ನೀನು ಈ ರೂಮಿನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು, ನನ್ನ ಮುಖ ನೋಡಿಕೊಂಡು ಹೇಳಿದೆ. ಆಗ ಯಾವ ಮೈಕೂ ಇರಲಿಲ್ಲ. ನನಗೆ ಓದು ಇಲ್ಲ ಅಂದರೆ ನಾನು ಎರಡನೇ ಸಲ ಕೇಳುವುದಿಲ್ಲ ಅಂತ ನಿನಗೆ ಗೊತ್ತಿತ್ತು. ಎಲ್ಲಿ ಒತ್ತಿದರೆ ನಾನು ಬಾಯಿ ಮುಚ್ಚುತ್ತೇನೆ ಅಂತ ಇಡೀ ಬೆಂಗಳೂರಿನಲ್ಲಿ ಗೊತ್ತಿರುವುದು ನಿನಗೊಬ್ಬನಿಗೆ. ಅಲ್ಲೇ ಒತ್ತಿದೆ.

ಹೊಟ್ಟೆಕಿಚ್ಚಂತೆ.

ಬಸ್ಸಿನಲ್ಲಿ ಅಮ್ಮ ಕಿಟಕಿ ಪಕ್ಕ ಕೂತಿದ್ದಳು. ಬಸವೇಶ್ವರನಗರ ದಾಟಿದ ಮೇಲೆ ಮೆಲ್ಲಗೆ ಕೇಳಿದಳು. "ನಿನ್ ಹೆಸ್ರು ಇನ್ನೊಂದ್ ದಿನ ಹೇಳ್ತಾರೇನೋ?" ಅವಳಿಗೆ ಅರ್ಥವಾಗಿರಲಿಲ್ಲವೋ, ಅರ್ಥವಾಗಿ ಕೇಳಿದಳೋ, ನನಗೆ ಗೊತ್ತಿಲ್ಲ. ಹೂಂ ಅಂದೆ. ನಿನಗೋಸ್ಕರ ನಾನು ಹೇಳಿದ ಕಡೇ ಸುಳ್ಳು ಅದು.

ಈಗ ಗ್ರೂಪಿನಲ್ಲಿ ಹೇಳುತ್ತೇನೆ, ಸ್ಟೇಟಸ್ ಹಾಕುತ್ತೇನೆ, ಸಾರಿ ಮಗಾ, ಇದೆಲ್ಲ ಬೇಡ. ನಾಳೆ ಕಂಪನಿಯ ಆಫೀಸಿಗೆ ಸೇರುತ್ತೀಯಲ್ಲ, ಸೇರು. ಅಲ್ಲಿ ಮುಂದಿನ ಸೀಸನ್ ಬಗ್ಗೆ ನಿನ್ನ ಅಭಿಪ್ರಾಯ ಕೇಳುತ್ತಾರೆ. ಆಗ ನನಗೆ ಫೋನು ಬರುತ್ತದೆ, ನನಗೆ ಗೊತ್ತು. ತೆಗೆಯುವುದಿಲ್ಲ. ಗೋಡೆಗೆ ಅಂಟಿಸಿದ್ದ ನನ್ನ ಶೀಟು ಕಿತ್ತುಕೊಂಡಿದ್ದೇನೆ. ಸ್ವಲ್ಪ ಸುಣ್ಣವೂ ಕಿತ್ತುಬಂತು. ನಿಮ್ಮಪ್ಪ ಕೇಳಿದರೆ ನನ್ನ ಹೆಸರು ಹೇಳು. ಅದಕ್ಕಾದರೂ ಹೇಳು.

ಇಂತಿ,
ಸೀನ
ಪೂರ್ತಿ ಹೆಸರು ಎಂ. ಶ್ರೀನಿವಾಸ. ನಿನ್ನ ಸ್ಲೈಡಿನಲ್ಲಿ ಇದಕ್ಕೆ ಜಾಗ ಇತ್ತು.

ತಾ.ಕ.: ಮಡಚಿ ಇಟ್ಟಿದ್ದೆ, ಮತ್ತೆ ಬಿಚ್ಚಿದೆ. ಮೇಲೆ ಒಂದು ಕಡೆ ಸುಳ್ಳು ಬರೆದಿದ್ದೇನೆ. ಮಗ್ಗದ ಮುಂದೆ ನನಗೆ ಹೊಳೆಯಿತು ಅಂತ. ನನಗೆ ಹೊಳೆದಿದ್ದಲ್ಲ. ನಮ್ಮಲ್ಲಿ ಲಾಳಿಗೆ ದಾರ ಸುತ್ತಿಕೊಡುವ ಹನುಮಕ್ಕ ಅಂತ ಒಬ್ಬರಿದ್ದಾರೆ, ಅರವತ್ತು ದಾಟಿದೆ, ಟಿವಿ ನೋಡಿದರೆ ಕಣ್ಣಲ್ಲಿ ನೀರು ಬರುತ್ತದೆ. ಅದಕ್ಕೆ ಪ್ರತಿ ವಾರ ಊಟದ ಹೊತ್ತಿನಲ್ಲಿ ಲೋಲಕನ ಕಥೆ ನಾನೇ ಹೇಳುತ್ತಿದ್ದೆ. ಎರಡನೇ ಸೀಸನ್ನಿನ ಕೊನೆ ಹೇಳಿದಾಗ ಚಕ್ರ ನಿಲ್ಲಿಸದೆ, ನನ್ನ ಕಡೆ ನೋಡದೆ ಕೇಳಿದರು: "ಬಿಚ್ಚಿದ್ದೇನೋ ಸರಿ. ಕಾರ್ಡ್ ಹಿಂದಕ್ಕೆ ತಿರುಗಿಸ್ದನಾ ಅವ್ನು?" ಆ ಹನ್ನೊಂದು ನಿಮಿಷ, ದೀಪ, ರೈಲು, ಶೀಟು ನನ್ನದು. ಆ ಮಾತು ಅವರದು. ಒಂದು ಮುದುಕಿ ಹೇಳಿದ್ದು ಅಂದರೆ ನೀನು ನಗುತ್ತೀಯ ಅಂತ ನಿನಗೆ ಹೇಳಲಿಲ್ಲ. ಅವರ ಮಾತಿನಿಂದಲೇ ಥಿಯರಿ ಆಯಿತು ಅಂತ ಅವರಿಗೂ ಹೇಳಲಿಲ್ಲ. ಫೈನಲ್ ಬಂದು ಮೂರು ವಾರ ಆಯಿತು, ಆ ತಮ್ಮ ಉಳಿದನಾ ಅಂತ ದಿನಾ ಕೇಳುತ್ತಾರೆ, ಇನ್ನೂ ಎಪಿಸೋಡ್ ಬಂದಿಲ್ಲ ಅಂತ ತಪ್ಪಿಸಿಕೊಳ್ಳುತ್ತಿದ್ದೇನೆ. ಕೊನೆ ಹೇಳಿದರೆ ಎಲ್ಲ ಹೇಳಬೇಕಾಗುತ್ತದೆ.

ಇದನ್ನು ಓದಿ ಇಬ್ಬರೂ ಒಂದೇ ಅಂತ ಸಮಾಧಾನ ಮಾಡಿಕೊಳ್ಳಬೇಡ. ಹನುಮಕ್ಕನಿಗೆ ಎಲ್ಲ ಹೇಳಲು ನಾನು ಈಗಲೇ ಹೆಗ್ಗನಹಳ್ಳಿಗೆ ಹೋಗುತ್ತಿದ್ದೇನೆ, ಭಾನುವಾರ ಅವರು ಮನೆಯಲ್ಲೇ ಇರುತ್ತಾರೆ. ಕೆಳಗೆ ನಿನ್ನ ಬೈಕಿನ ಶಬ್ದ ಕೇಳಿಸಿತು. ಮೆಟ್ಟಿಲಲ್ಲಿ ಎದುರಾದರೆ ಪಕ್ಕಕ್ಕೆ ಸರಿ, ಮಾತಾಡಿಸಬೇಡ. ಈ ರೂಮಿನ ಬಾಗಿಲು ಮಳೆಗೆ ಉಬ್ಬಿದೆ, ಜೋರಾಗಿ ಎಳೆಯದಿದ್ದರೆ ಮುಚ್ಚಿಕೊಳ್ಳುವುದಿಲ್ಲ ಅಂತ ನನಗೂ ಗೊತ್ತು. ಆದರೆ ಈಗ ನಾನು ಎಳೆಯುವುದು ಅದಕ್ಕಲ್ಲ.